ಮೂತ್ರಪಿಂಡ ಕಾಯಿಲೆ ಇರುವವರು ಮತ್ತು ಹಣ್ಣಿನ ಸೇವನೆ: ಕಮರಾಕ್ಷಿ (ಧಾರೆಹುಳಿ) ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಣ್ಣು ಆರೋಗ್ಯಕ್ಕೆ ಹಿತಕರವೆಂಬುದು ಸರ್ವವಿದಿತ. ರೋಗಿಯನ್ನು ನೋಡಲು ಹೋಗುವವರು ಕೈಯಲ್ಲಿ ಹಣ್ಣು ಹಿಡಿದು ಹೋಗುವುದು ನಮ್ಮ ನಾಡಿನ ವಾಡಿಕೆ. ಆದರೆ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯಿಂದ ಬಳಲುತ್ತಿರುವವರಿಗೆ ಎಲ್ಲ ಹಣ್ಣುಗಳೂ ಸಮಾನವಲ್ಲ. ಕೆಲವು ಹಣ್ಣುಗಳನ್ನು ಮಿತವಾಗಿ ಸೇವಿಸಬಹುದು. ಕೆಲವನ್ನು ವೈದ್ಯರ ಸಲಹೆ ಪಡೆದು ಸೇವಿಸಬೇಕು. ಒಂದು ಹಣ್ಣನ್ನಂತೂ ಯಾವುದೇ ಪ್ರಮಾಣದಲ್ಲಿ ಸೇವಿಸಬಾರದು. ಆ ಹಣ್ಣೇ ಕಮರಾಕ್ಷಿ. ಇದನ್ನು ಧಾರೆಹುಳಿ, ಕರಬಲ, ನಕ್ಷತ್ರ ಹಣ್ಣು, ಸ್ಟಾರ್ ಫ್ರೂಟ್ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ತುಳು ಭಾಷೆಯಲ್ಲಿ ಇದಕ್ಕೆ ದಾರೆಪುಳಿ ಎಂದು ಹೆಸರು.

ಮೂತ್ರಪಿಂಡ ಕಾಯಿಲೆ ಇರುವವರು, ಅವರ ಕುಟುಂಬದವರು ಹಾಗೂ ಡಯಾಲಿಸಿಸ್ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ಸರಳವಾಗಿ ನೀಡಲಾಗಿದೆ.

2. ಮುಖ್ಯಾಂಶಗಳು

• ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಇರುವವರು ಕಮರಾಕ್ಷಿ ಹಣ್ಣು, ಅದರ ರಸ, ಉಪ್ಪಿನಕಾಯಿ, ಚಟ್ನಿ ಮುಂತಾದ ಯಾವುದನ್ನೂ ಸೇವಿಸಬಾರದು. ಸುರಕ್ಷಿತ ಪ್ರಮಾಣವೆಂಬುದು ಇಲ್ಲ.
• ಹಣ್ಣು ತಿಂದ ಬಳಿಕ ನಿಲ್ಲದೆ ಬರುವ ಬಿಕ್ಕಳಿಕೆಯು ವಿಷಬಾಧೆಯ ಮೊದಲ ಸೂಚನೆಯಾಗಿರಬಹುದು. ಇದನ್ನು ಅಲಕ್ಷಿಸದೆ ಕೂಡಲೇ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ತೆರಳಬೇಕು.
• ಎಳನೀರು, ಬಾಳೆಹಣ್ಣು, ಹಲಸು, ಒಣಹಣ್ಣು ಇತ್ಯಾದಿಗಳಲ್ಲಿ ಪೊಟ್ಯಾಸಿಯಂ ಅಧಿಕವಾಗಿರುತ್ತದೆ. ಇವುಗಳ ಸೇವನೆಯ ಪ್ರಮಾಣವನ್ನು ರಕ್ತಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ನಿರ್ಧರಿಸುತ್ತಾರೆ.
• ಎಲ್ಲ ಹಣ್ಣುಗಳನ್ನೂ ತ್ಯಜಿಸುವ ಅಗತ್ಯವಿಲ್ಲ.
• ತುರ್ತು ವಾಹನಕ್ಕಾಗಿ 108, ಆರೋಗ್ಯ ಸಂಬಂಧಿ ಸಲಹೆಗಾಗಿ 104 ಸಂಖ್ಯೆಗೆ ಕರೆ ಮಾಡಬಹುದು.

3. ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎಂದರೇನು?

ಮೂತ್ರಪಿಂಡಗಳು ರಕ್ತವನ್ನು ಸೋಸಿ, ಶರೀರಕ್ಕೆ ಬೇಡವಾದ ವಸ್ತುಗಳನ್ನೂ ಹೆಚ್ಚಾದ ನೀರನ್ನೂ ಮೂತ್ರದ ಮೂಲಕ ಹೊರಹಾಕುತ್ತವೆ. ರಕ್ತದಲ್ಲಿನ ಪೊಟ್ಯಾಸಿಯಂ, ಸೋಡಿಯಂ, ರಂಜಕ ಮುಂತಾದ ಲವಣಾಂಶಗಳನ್ನು ಸಮತೋಲನದಲ್ಲಿಡುವ ಕಾರ್ಯವೂ ಇವುಗಳದ್ದೇ. ಮೂತ್ರಪಿಂಡಗಳ ರಚನೆಯಲ್ಲಾಗಲಿ ಕಾರ್ಯದಲ್ಲಾಗಲಿ ಉಂಟಾದ ದೋಷವು 3 ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ.

ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣವನ್ನು ಆಧರಿಸಿ ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತಿವೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ. ಇದಕ್ಕೆ ಸೋಸುವಿಕೆಯ ದರ ಎನ್ನುತ್ತಾರೆ. ಈ ದರ 60ಕ್ಕಿಂತ ಕಡಿಮೆಯಾದರೆ ಮೂತ್ರಪಿಂಡಗಳ ಸಾಮರ್ಥ್ಯ ಗಣನೀಯವಾಗಿ ಕುಗ್ಗಿದೆ ಎಂದೂ, 15ಕ್ಕಿಂತ ಕಡಿಮೆಯಾದರೆ ಮೂತ್ರಪಿಂಡ ವೈಫಲ್ಯವೆಂದೂ ಅರ್ಥ.

ಮಧುಮೇಹ ಮತ್ತು ಅಧಿಕ ರಕ್ತದೊತ್ತಡ ಈ ಕಾಯಿಲೆಯ ಎರಡು ಪ್ರಮುಖ ಕಾರಣಗಳು. ಆರಂಭದ ಹಂತಗಳಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಕಾಣಿಸದು. ಹೀಗಾಗಿ ತಮಗೆ ಕಾಯಿಲೆ ಇದೆಯೆಂಬ ಅರಿವೇ ಇಲ್ಲದವರೂ ಇರುತ್ತಾರೆ. ಕಮರಾಕ್ಷಿಯ ವಿಚಾರದಲ್ಲಿ ಇದು ಗಮನಾರ್ಹ. ಮಧುಮೇಹ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

4. ಕಮರಾಕ್ಷಿ ಹಣ್ಣಿನ ಪರಿಚಯ

ಕಮರಾಕ್ಷಿಯ ಸಸ್ಯಶಾಸ್ತ್ರೀಯ ಹೆಸರು ಅವೆರೋವ ಕ್ಯಾರಂಬೋಲ. ಆಗ್ನೇಯ ಏಷ್ಯಾ ಇದರ ಮೂಲವೆಂದು ಹೇಳಲಾಗುತ್ತದೆ. ಹಣ್ಣಿಗೆ ಉದ್ದುದ್ದನೆಯ 5 ಏಣುಗಳಿದ್ದು, ಅಡ್ಡವಾಗಿ ಕತ್ತರಿಸಿದಾಗ ಹೋಳುಗಳು ನಕ್ಷತ್ರಾಕಾರದಲ್ಲಿ ಕಾಣುತ್ತವೆ. ಕಾಯಿ ಹಸಿರು, ಹಣ್ಣು ಹಳದಿ. ಹುಳಿ ಜಾತಿ, ಸಿಹಿ ಜಾತಿ ಎಂಬ ಎರಡು ಬಗೆಗಳಿವೆ.

ಕರಾವಳಿ ಮತ್ತು ಮಲೆನಾಡಿನ ಮನೆಯಂಗಳಗಳಲ್ಲಿ ಈ ಮರ ಸಾಮಾನ್ಯ. ಉಪ್ಪಿನಕಾಯಿ, ಚಟ್ನಿ, ಗೊಜ್ಜು, ಪಾನಕಗಳಿಗೆ ಇದನ್ನು ಬಳಸುತ್ತಾರೆ. ನಗರಗಳಲ್ಲಿ ತಳ್ಳುಗಾಡಿಯವರು ಮಾವಿನಕಾಯಿ, ನೆಲ್ಲಿಕಾಯಿಗಳ ಜೊತೆಗೆ ಇದನ್ನೂ ಹೆಚ್ಚಿ ಉಪ್ಪು ಖಾರ ಹಚ್ಚಿ ಮಾರುತ್ತಾರೆ. ಹೋಟೆಲುಗಳಲ್ಲಿಯೂ ಸಮಾರಂಭಗಳಲ್ಲಿಯೂ ಹಣ್ಣಿನ ತಟ್ಟೆಯ ಅಲಂಕಾರಕ್ಕೆ ಇದರ ಹೋಳುಗಳನ್ನು ಇಡುವುದುಂಟು. ಮೂತ್ರಪಿಂಡಗಳು ಆರೋಗ್ಯವಾಗಿರುವವರು ಸಾಧಾರಣ ಪ್ರಮಾಣದಲ್ಲಿ ತಿಂದರೆ ಈ ಹಣ್ಣಿನಿಂದ ತೊಂದರೆಯಾಗುವುದಿಲ್ಲ. ಆದ್ದರಿಂದಲೇ, ಮನೆಮಂದಿಯೆಲ್ಲ ತಿಂದ ಹಣ್ಣು ಒಬ್ಬರಿಗೆ ಮಾತ್ರ ವಿಷವಾಗಬಲ್ಲದು ಎಂಬುದನ್ನು ಜನರು ಸುಲಭವಾಗಿ ನಂಬುವುದಿಲ್ಲ.

5. ಅಪಾಯಕ್ಕೆ ಕಾರಣವೇನು?

ಕಮರಾಕ್ಷಿಯಲ್ಲಿ ಮೂತ್ರಪಿಂಡ ರೋಗಿಗಳಿಗೆ ಹಾನಿಕರವಾದ ಎರಡು ವಸ್ತುಗಳಿವೆ.

(ಅ) ಕ್ಯಾರಂಬಾಕ್ಸಿನ್: ಇದು ನರಮಂಡಲವನ್ನು ಬಾಧಿಸುವ ವಿಷ. ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿ ಇದರ ರಚನೆಯನ್ನು ಗುರುತಿಸಿ ಪ್ರಕಟಿಸಿದರು. ಇದು ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಹೋಲುತ್ತದೆ. ಮಿದುಳಿನ ನರಕೋಶಗಳನ್ನು ಅತಿಯಾಗಿ ಉದ್ರೇಕಿಸುವುದು ಇದರ ಗುಣ. ಆರೋಗ್ಯವಂತರಲ್ಲಿ ಮೂತ್ರಪಿಂಡಗಳು ಇದನ್ನು ಬೇಗನೆ ಹೊರಹಾಕುವುದರಿಂದ ಮಿದುಳಿಗೆ ಬಾಧೆ ತಟ್ಟುವುದಿಲ್ಲ. ಮೂತ್ರಪಿಂಡಗಳು ದುರ್ಬಲವಾಗಿರುವವರಲ್ಲಿ ಇದು ರಕ್ತದಲ್ಲಿಯೇ ಉಳಿದು, ಸಂಗ್ರಹಗೊಂಡು, ಮಿದುಳನ್ನು ಸೇರುತ್ತದೆ.

(ಆ) ಆಕ್ಸಲೇಟ್: ಕಮರಾಕ್ಷಿಯಲ್ಲಿ, ವಿಶೇಷವಾಗಿ ಹುಳಿ ಜಾತಿಯಲ್ಲಿ, ಆಕ್ಸಲೇಟ್ ಅಧಿಕವಾಗಿರುತ್ತದೆ. ಇದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟುತ್ತದೆ. ಇದರಿಂದ ಅಳಿದುಳಿದ ಮೂತ್ರಪಿಂಡ ಸಾಮರ್ಥ್ಯವೂ ಕೆಲವೇ ದಿನಗಳಲ್ಲಿ ಕುಸಿಯಬಹುದು.

ಸಿಹಿ ಜಾತಿಯ ಹಣ್ಣಿನಲ್ಲಿ ಆಕ್ಸಲೇಟ್ ಕಡಿಮೆ ಇರಬಹುದು. ಆದರೆ ಇದರಿಂದ ಆ ಹಣ್ಣು ಸುರಕ್ಷಿತವೆಂದು ಭಾವಿಸಲಾಗದು. ಬೇಯಿಸಿದರೆ, ಉಪ್ಪಿನಲ್ಲಿ ಹಾಕಿಟ್ಟರೆ ಅಥವಾ ಒಣಗಿಸಿದರೆ ದೋಷ ಹೋಗುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳುವಂತಿಲ್ಲ.

6. ದಾಖಲಾಗಿರುವ ಪ್ರಕರಣಗಳು

ಡಯಾಲಿಸಿಸ್ ಪಡೆಯುತ್ತಿದ್ದ ರೋಗಿಗಳಲ್ಲಿ ಕಮರಾಕ್ಷಿ ತಿಂದ ನಂತರ ನಿಲ್ಲದ ಬಿಕ್ಕಳಿಕೆ ಉಂಟಾದುದನ್ನು ಬ್ರೆಜಿಲ್ ದೇಶದ ವೈದ್ಯರು 1993ರಲ್ಲಿ ವರದಿ ಮಾಡಿದರು. 2000ದಲ್ಲಿ ತೈವಾನಿನ ವೈದ್ಯರು ಇಂತಹ ಪ್ರಕರಣಗಳಲ್ಲಿ ಸಾವುಗಳು ಸಂಭವಿಸಿದುದನ್ನು ಪ್ರಕಟಿಸಿದರು. 2003ರಲ್ಲಿ ಬ್ರೆಜಿಲ್‌ನಿಂದ 32 ರೋಗಿಗಳ ವಿವರ ಪ್ರಕಟವಾಯಿತು. ಅವರಲ್ಲಿ ಬಹುತೇಕ ಎಲ್ಲರಲ್ಲೂ ಕಂಡುಬಂದ ಲಕ್ಷಣ ಬಿಕ್ಕಳಿಕೆ. ಸಕಾಲದಲ್ಲಿ ಡಯಾಲಿಸಿಸ್ ದೊರೆತವರು ಚೇತರಿಸಿಕೊಂಡುದು ಮತ್ತು ತೀವ್ರ ಬಾಧೆಯಿದ್ದೂ ಡಯಾಲಿಸಿಸ್ ದೊರೆಯದವರು ಬದುಕುಳಿಯದೆ ಹೋದುದು ಈ ವರದಿಯ ಮುಖ್ಯ ಪಾಠ.

ಒಂದೇ ಹಣ್ಣು ತಿಂದವರಲ್ಲಿ, ಅರ್ಧ ಹಣ್ಣು ತಿಂದವರಲ್ಲಿ ಸಹ ಲಕ್ಷಣಗಳು ಕಾಣಿಸಿಕೊಂಡಿವೆ. ಡಯಾಲಿಸಿಸ್ ಹಂತಕ್ಕೆ ಇನ್ನೂ ತಲುಪದ ಮೂತ್ರಪಿಂಡ ರೋಗಿಗಳೂ ಬಾಧೆಗೆ ಒಳಗಾಗಿದ್ದಾರೆ. ಆದ್ದರಿಂದ "ಸ್ವಲ್ಪ ತಿಂದರೆ ಏನೂ ಆಗದು" ಎಂಬ ಮಾತಿಗೆ ಆಧಾರವಿಲ್ಲ.

7. ವಿಷಬಾಧೆಯ ಲಕ್ಷಣಗಳು

ಲಕ್ಷಣಗಳು ಹಣ್ಣು ತಿಂದ ಒಂದು ಗಂಟೆಯೊಳಗೇ ಆರಂಭವಾಗಬಹುದು. ಅರ್ಧ ದಿನ ಕಳೆದ ಮೇಲೂ ಕಾಣಿಸಿಕೊಳ್ಳಬಹುದು. ತೀವ್ರತೆಗೆ ಅನುಗುಣವಾಗಿ ಅವುಗಳನ್ನು ಕೆಳಕಂಡಂತೆ ವಿಂಗಡಿಸಬಹುದು.

ಸೌಮ್ಯ ಹಂತ: ನಿಲ್ಲದ ಬಿಕ್ಕಳಿಕೆ, ವಾಂತಿ, ನಿದ್ರೆ ಬಾರದಿರುವುದು.

ಮಧ್ಯಮ ಹಂತ: ತಳಮಳ, ಉದ್ರೇಕ, ಕೈಕಾಲುಗಳಲ್ಲಿ ಜೋಮು ಅಥವಾ ಬಲಹೀನತೆ, ಸ್ನಾಯುಗಳ ಅದುರುವಿಕೆ, ಸ್ವಲ್ಪಮಟ್ಟಿನ ಗೊಂದಲ.

ತೀವ್ರ ಹಂತ: ತೀವ್ರ ಮತಿಭ್ರಮೆ, ಅಪಸ್ಮಾರ (ಫಿಟ್ಸ್), ರಕ್ತದೊತ್ತಡ ಕುಸಿತ, ಪ್ರಜ್ಞೆ ತಪ್ಪುವುದು. ಈ ಹಂತದಲ್ಲಿ ಪ್ರಾಣಾಪಾಯವಿರುತ್ತದೆ.

ಸೌಮ್ಯ ಹಂತದಲ್ಲಿರುವ ರೋಗಿ ಕೆಲವೇ ಗಂಟೆಗಳಲ್ಲಿ ತೀವ್ರ ಹಂತಕ್ಕೆ ಹೋಗಬಹುದು. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆಂದು ಹೇಳಿ ನಕ್ಕು ಸುಮ್ಮನಾಗುವುದು, ನೀರು ಕುಡಿಸುವುದು, ಸಕ್ಕರೆ ತಿನ್ನಿಸುವುದು ನಮ್ಮಲ್ಲಿ ರೂಢಿ. ಆರೋಗ್ಯವಂತರ ಮಟ್ಟಿಗೆ ಇದು ಸರಿ. ಆದರೆ ಮೂತ್ರಪಿಂಡ ಕಾಯಿಲೆ ಇರುವವರಿಗೆ ಬಿಕ್ಕಳಿಕೆ ನಿಲ್ಲದಿದ್ದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: "ಇವತ್ತು, ನಿನ್ನೆ ಏನು ತಿಂದಿರಿ?"

ಉದಾಹರಣೆಗೆ, ವಾರಕ್ಕೆರಡು ಬಾರಿ ಡಯಾಲಿಸಿಸ್ ಪಡೆಯುವವರೊಬ್ಬರು ಬಂಧುಗಳ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಧಾರೆಹುಳಿಯ ಗೊಜ್ಜು ತಿಂದರೆಂದು ಭಾವಿಸೋಣ. ಸಂಜೆ ಬಿಕ್ಕಳಿಕೆ ಆರಂಭವಾಗುತ್ತದೆ; ಅಜೀರ್ಣವೆಂದು ಸುಮ್ಮನಿರುತ್ತಾರೆ. ರಾತ್ರಿ ವಾಂತಿಯಾಗಿ ನಿದ್ರೆ ಬರುವುದಿಲ್ಲ. ಬೆಳಿಗ್ಗೆ ನೋಡೋಣವೆಂದು ಕುಟುಂಬದವರು ತೀರ್ಮಾನಿಸುತ್ತಾರೆ. ಬೆಳಗಿನ ಹೊತ್ತಿಗೆ ಮಾತು ತೊದಲುತ್ತದೆ. ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಇರಬಹುದೆಂದು ಶಂಕಿಸಿ ಪರೀಕ್ಷೆಗಳು ನಡೆಯುತ್ತವೆ. ಗೊಜ್ಜಿನ ವಿಷಯವನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದು ಮುಖ್ಯವೆಂದು ಯಾರಿಗೂ ತಿಳಿದಿರುವುದಿಲ್ಲ. ಹೀಗೆ ಕಳೆದುಹೋಗುವ ಗಂಟೆಗಳನ್ನು ಉಳಿಸುವುದೇ ಈ ಮಾಹಿತಿಯ ಉದ್ದೇಶ.

8. ತಿಂದಿದ್ದಲ್ಲಿ ಏನು ಮಾಡಬೇಕು?

(1) ಮೂತ್ರಪಿಂಡ ಕಾಯಿಲೆ ಇರುವವರು ತಿಳಿಯದೆ ಕಮರಾಕ್ಷಿ ತಿಂದಿದ್ದರೆ, ಲಕ್ಷಣಗಳು ಇಲ್ಲದಿದ್ದರೂ ತಮ್ಮ ಮೂತ್ರಪಿಂಡ ತಜ್ಞರನ್ನು ಅಥವಾ ಡಯಾಲಿಸಿಸ್ ಕೇಂದ್ರವನ್ನು ಕೂಡಲೇ ಸಂಪರ್ಕಿಸಬೇಕು.

(2) ಬಿಕ್ಕಳಿಕೆ ಅಥವಾ ಮೇಲೆ ತಿಳಿಸಿದ ಯಾವುದೇ ಲಕ್ಷಣವಿದ್ದಲ್ಲಿ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ, ಆ ಹೊತ್ತೇ ಹೋಗಬೇಕು. ನಿಗದಿಯಾಗಿರುವ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬಾರದು.

(3) ಯಾವ ಹಣ್ಣು, ಎಷ್ಟು, ಎಷ್ಟು ಹೊತ್ತಿಗೆ ತಿಂದದ್ದು ಎಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು. ಹಣ್ಣಿನ ಉಳಿದ ಭಾಗವಿದ್ದರೆ ಜೊತೆಯಲ್ಲಿ ಒಯ್ಯುವುದು ಒಳಿತು. ಊರಿನಿಂದೂರಿಗೆ ಹೆಸರು ಬದಲಾಗುವುದರಿಂದ "ನಕ್ಷತ್ರದಂತೆ ಕಾಣುವ ಹಣ್ಣು" ಎಂದು ವಿವರಿಸಬೇಕು.

(4) ಹಳೆಯ ರಕ್ತಪರೀಕ್ಷೆಯ ವರದಿ, ಔಷಧಿ ಚೀಟಿ ಮತ್ತು ಡಯಾಲಿಸಿಸ್ ಪುಸ್ತಕವನ್ನು ಜೊತೆಯಲ್ಲಿ ಕೊಂಡೊಯ್ಯಬೇಕು.

(5) ಬಲವಂತವಾಗಿ ವಾಂತಿ ಮಾಡಿಸಬಾರದು. ವಿಷ ತೊಳೆದುಹೋಗಲೆಂದು ಅತಿಯಾಗಿ ನೀರು ಕುಡಿಸಬಾರದು. ಮೂತ್ರ ಕಡಿಮೆ ಇರುವವರಲ್ಲಿ ಆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು.

(6) ಫಿಟ್ಸ್ ಬಂದಲ್ಲಿ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು. ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಇತ್ಯಾದಿಗಳಿಂದ ಪ್ರಯೋಜನವಿಲ್ಲ. ಸಮಯ ಮಾತ್ರ ವ್ಯರ್ಥವಾಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಬೇಕು.

(7) ಮಧುಮೇಹಿಗಳಲ್ಲಿ ಗೊಂದಲ, ಬೆವರುವಿಕೆ ಕಂಡುಬಂದರೆ ರಕ್ತದ ಸಕ್ಕರೆ ಕಡಿಮೆಯಾಗಿರಲೂಬಹುದು. ಗ್ಲುಕೋಮೀಟರ್ ಇದ್ದಲ್ಲಿ ಪರೀಕ್ಷಿಸಬೇಕು. ಆದರೆ ಆ ಕಾರಣಕ್ಕೆ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬಾರದು.

9. ಚಿಕಿತ್ಸೆ

ಈ ವಿಷಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಯಂತ್ರದ ಮೂಲಕ ರಕ್ತವನ್ನು ಶುದ್ಧೀಕರಿಸುವ ಹೀಮೋಡಯಾಲಿಸಿಸ್ ಪ್ರಮುಖ ಚಿಕಿತ್ಸೆಯಾಗಿದೆ. ಒಂದು ಬಾರಿ ಡಯಾಲಿಸಿಸ್ ಆದ ನಂತರ ಲಕ್ಷಣಗಳು ಮರುಕಳಿಸುವ ಸಂಭವವಿರುವುದರಿಂದ ವೈದ್ಯರು ದಿನಂಪ್ರತಿ, ಕೆಲವು ದಿನಗಳವರೆಗೆ ಡಯಾಲಿಸಿಸ್ ಮಾಡಬೇಕಾಗಬಹುದು. ತೀವ್ರ ಪ್ರಕರಣಗಳಲ್ಲಿ ಇದ್ದಿಲಿನ ಶೋಧಕದ ಮೂಲಕ ರಕ್ತವನ್ನು ಹಾಯಿಸುವ ವಿಧಾನವನ್ನೂ ಬಳಸಲಾಗುತ್ತದೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ (ಪೆರಿಟೋನಿಯಲ್ ಡಯಾಲಿಸಿಸ್) ಈ ವಿಷವನ್ನು ತೆಗೆಯಲು ಸಾಕಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಈ ವಿಧಾನವನ್ನು ಅನುಸರಿಸುತ್ತಿರುವವರೂ ಹೀಮೋಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಬೇಕು.

10. ಬಿಂಬುಳಿ ಹಾಗೂ ಆರೋಗ್ಯವಂತರಿಗೆ ಎಚ್ಚರಿಕೆ

ಬಿಂಬುಳಿಯು (ಬಿಳಿಂಬಿ) ಕಮರಾಕ್ಷಿಯ ಕುಲಕ್ಕೇ ಸೇರಿದ್ದು. ಕಾಂಡಕ್ಕೆ ಅಂಟಿಕೊಂಡಂತೆ ಗೊಂಚಲು ಗೊಂಚಲಾಗಿ ಬಿಡುವ ಈ ಹುಳಿಕಾಯಿಯನ್ನು ಕರಾವಳಿಯಲ್ಲಿ ಉಪ್ಪಿನಕಾಯಿಗೂ ಸಾರಿನ ಹುಳಿಗೂ ಬಳಸುತ್ತಾರೆ. ಇದರಲ್ಲಿ ಆಕ್ಸಲೇಟ್ ಪ್ರಮಾಣ ಬಹಳ ಹೆಚ್ಚು. ಕೊಬ್ಬಿನಾಂಶ ಅಥವಾ ಸಕ್ಕರೆ ಕಡಿಮೆಯಾಗುತ್ತದೆಂಬ ನಂಬಿಕೆಯಿಂದ ಇದರ ಗಟ್ಟಿ ರಸವನ್ನು ಕುಡಿಯುವ ಪದ್ಧತಿ ಕೆಲವೆಡೆ ಇದೆ. ಕೇರಳ ರಾಜ್ಯದಲ್ಲಿ ಹೀಗೆ ರಸ ಕುಡಿದು ಮೂತ್ರಪಿಂಡಗಳು ಹಠಾತ್ತನೆ ವಿಫಲವಾದ 10 ಮಂದಿಯ ವಿವರವು 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಅಗತ್ಯವಾಯಿತು.

ಇದರಿಂದ ತಿಳಿಯಬೇಕಾದುದೇನೆಂದರೆ, ಮೂತ್ರಪಿಂಡಗಳು ಸರಿಯಾಗಿರುವವರೂ ಕಮರಾಕ್ಷಿ ಅಥವಾ ಬಿಂಬುಳಿಯ ಗಟ್ಟಿ ರಸವನ್ನು ಔಷಧಿಯೆಂದು, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ ಅಥವಾ ಶರೀರದಲ್ಲಿ ನೀರಿನಂಶ ಕಡಿಮೆಯಿರುವಾಗ ಕುಡಿಯಬಾರದು. ಊಟದೊಡನೆ ಒಂದೆರಡು ಹೋಳು ತಿನ್ನುವುದಕ್ಕೂ ಹತ್ತಾರು ಹಣ್ಣುಗಳನ್ನು ಹಿಂಡಿ ಲೋಟಗಟ್ಟಲೆ ಕುಡಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೂತ್ರಪಿಂಡ ಕಾಯಿಲೆ ಇರುವವರು ಬಿಂಬುಳಿಯನ್ನೂ ವರ್ಜಿಸಬೇಕು.

11. ಇತರ ಹಣ್ಣುಗಳು ಮತ್ತು ಪೊಟ್ಯಾಸಿಯಂ

ಪೊಟ್ಯಾಸಿಯಂ ಹೃದಯದ ಮತ್ತು ಸ್ನಾಯುಗಳ ಕಾರ್ಯಕ್ಕೆ ಅವಶ್ಯ. ರಕ್ತದಲ್ಲಿ ಇದರ ಸಾಮಾನ್ಯ ಪ್ರಮಾಣ ಲೀಟರಿಗೆ ಸುಮಾರು 3.5ರಿಂದ 5.0 ಮಿಲಿಮೋಲ್. ಮೂತ್ರಪಿಂಡಗಳು ದುರ್ಬಲವಾದಾಗ ಇದು ಏರುತ್ತದೆ. ಬಹಳ ಏರಿದಲ್ಲಿ ಮುನ್ಸೂಚನೆಯಿಲ್ಲದೆ ಹೃದಯದ ಬಡಿತ ಏರುಪೇರಾಗಿ ನಿಲ್ಲಲೂಬಹುದು. ಎರಡು ಡಯಾಲಿಸಿಸ್‌ಗಳ ನಡುವಣ ಅಂತರ ಹೆಚ್ಚಾದ ದಿನಗಳಲ್ಲಿ ಈ ಅಪಾಯ ಅಧಿಕ.

100 ಗ್ರಾಂ ಹಣ್ಣಿನಲ್ಲಿರುವ ಪೊಟ್ಯಾಸಿಯಂ ಪ್ರಮಾಣ ತಳಿ ಮತ್ತು ಮಣ್ಣಿಗೆ ಅನುಗುಣವಾಗಿ ಬದಲಾಗುತ್ತದೆ. ಸ್ಥೂಲವಾಗಿ ಈ ಕೆಳಗಿನಂತೆ ವಿಂಗಡಿಸಬಹುದು.

(ಅ) ಕಡಿಮೆ ಇರುವವು: ಸೇಬು, ಮರಸೇಬು, ಅನಾನಸ್, ನೇರಳೆ. ಸೇಬು ಮತ್ತು ಅನಾನಸ್‌ಗಳಲ್ಲಿ ಸುಮಾರು 110 ಮಿ.ಗ್ರಾಂ. ಇರುತ್ತದೆ. ಕಲ್ಲಂಗಡಿಯಲ್ಲಿಯೂ ಇಷ್ಟೇ ಇದ್ದರೂ ಅದನ್ನು ಒಮ್ಮೆಗೇ ಹೆಚ್ಚಾಗಿ ತಿನ್ನುವುದರಿಂದ ಪೊಟ್ಯಾಸಿಯಂ ಹಾಗೂ ನೀರು ಎರಡೂ ಅಧಿಕವಾಗುತ್ತವೆ.

(ಆ) ಮಧ್ಯಮ ಪ್ರಮಾಣದಲ್ಲಿರುವವು: ಪಪ್ಪಾಯಿ, ದ್ರಾಕ್ಷಿ, ಮಾವು, ಸಪೋಟ, ಕಿತ್ತಳೆ, ಮೋಸಂಬಿ, ದಾಳಿಂಬೆ. ಇವುಗಳ ಪ್ರಮಾಣವನ್ನು ಆಹಾರತಜ್ಞರ ಸಲಹೆಯಂತೆ ನಿಗದಿಪಡಿಸಿಕೊಳ್ಳಬೇಕು.

(ಇ) ಅಧಿಕವಾಗಿರುವವು: ಬಾಳೆಹಣ್ಣು (ಸುಮಾರು 350 ಮಿ.ಗ್ರಾಂ.), ಹಲಸಿನ ತೊಳೆ (ಸುಮಾರು 450 ಮಿ.ಗ್ರಾಂ.), ಬೆಣ್ಣೆಹಣ್ಣು, ಒಣದ್ರಾಕ್ಷಿ, ಖರ್ಜೂರ, ಅಂಜೂರದಂತಹ ಒಣಹಣ್ಣುಗಳು. ಎಳನೀರಿನ ಒಂದು ದೊಡ್ಡ ಲೋಟದಲ್ಲಿ, ಅಂದರೆ ಸುಮಾರು 250 ಮಿ.ಲೀ.ನಲ್ಲಿ, 400ರಿಂದ 600 ಮಿ.ಗ್ರಾಂ. ಪೊಟ್ಯಾಸಿಯಂ ಇರಬಹುದು.

ಜ್ವರ, ಸುಸ್ತು ಏನೇ ಇರಲಿ ಎಳನೀರು ಕುಡಿಸುವುದು ನಮ್ಮಲ್ಲಿ ಸಹಜ. ಮೂತ್ರಪಿಂಡ ವೈಫಲ್ಯವಿರುವವರಿಗೆ ಹೀಗೆ ವೈದ್ಯರನ್ನು ಕೇಳದೆ ಎಳನೀರು ಕೊಡಬಾರದು. ಅಂತೆಯೇ, ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರಾಟವಾಗುವ "ಕಡಿಮೆ ಸೋಡಿಯಂ" ಉಪ್ಪುಗಳಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಮೂತ್ರಪಿಂಡ ರೋಗಿಗಳು ಇಂತಹ ಉಪ್ಪನ್ನು ಬಳಸಬಾರದು. ನೆಲ್ಲಿಕಾಯಿಯ ರಸದಲ್ಲಿ ಸಿ ಜೀವಸತ್ವ ಅಧಿಕವಾಗಿದ್ದು, ಹೆಚ್ಚುವರಿ ಸಿ ಜೀವಸತ್ವ ಶರೀರದಲ್ಲಿ ಆಕ್ಸಲೇಟ್ ಆಗಿ ಮಾರ್ಪಡುವುದರಿಂದ ದಿನಂಪ್ರತಿ ಲೋಟಗಟ್ಟಲೆ ಸೇವನೆ ಸಲ್ಲದು.

ಇಷ್ಟಾದರೂ ಹಣ್ಣುಗಳನ್ನು ಪೂರ್ತಿಯಾಗಿ ಬಿಡುವುದು ಸರಿಯಲ್ಲ. ಹಣ್ಣಿನ ನಾರಿನಂಶ ಮಲಬದ್ಧತೆಯನ್ನು ತಡೆಯುತ್ತದೆ. ಮಲಬದ್ಧತೆಯಿಂದಲೂ ರಕ್ತದ ಪೊಟ್ಯಾಸಿಯಂ ಏರುತ್ತದೆ. ಕಾಯಿಲೆಯ ಆರಂಭಿಕ ಹಂತದಲ್ಲಿದ್ದು ಪೊಟ್ಯಾಸಿಯಂ ಸಾಮಾನ್ಯವಾಗಿರುವವರಿಗೆ (ಆ) ಮತ್ತು (ಇ) ಗುಂಪಿನ ಹಣ್ಣುಗಳಿಗೂ ನಿರ್ಬಂಧ ಬೇಕಾಗದಿರಬಹುದು. ಆದರೆ ಕಮರಾಕ್ಷಿಯ ನಿಷೇಧ ಎಲ್ಲ ಹಂತದವರಿಗೂ ಅನ್ವಯಿಸುತ್ತದೆ.

12. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು

ಕಸಿ ಮಾಡಿಸಿಕೊಂಡವರು ಸೇವಿಸುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಔಷಧಿಗಳ ಮೇಲೆ ಗ್ರೇಪ್‌ಫ್ರೂಟ್ ಹಾಗೂ ಅದರ ಬಳಗದ ಚಕ್ಕೋತ ಪರಿಣಾಮ ಬೀರಬಲ್ಲವು. ಕರುಳಿನಲ್ಲಿ ಈ ಔಷಧಿಗಳನ್ನು ಒಡೆಯುವ ಕಿಣ್ವವನ್ನು ಈ ಹಣ್ಣುಗಳು ತಡೆಯುವುದರಿಂದ ರಕ್ತದಲ್ಲಿ ಔಷಧಿಯ ಪ್ರಮಾಣ ಏರಿ, ಕಸಿ ಮಾಡಿದ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ದೇವನಹಳ್ಳಿಯ ಚಕ್ಕೋತ ಭೌಗೋಳಿಕ ಸೂಚಿ ಪಡೆದ, ನಾಡಿನ ಹೆಮ್ಮೆಯ ಬೆಳೆ. ಆದರೂ ಈ ಔಷಧಿಗಳನ್ನು ತೆಗೆದುಕೊಳ್ಳುವವರು ಅದರಿಂದ ದೂರವಿರಬೇಕು. ಕಸಿಯಾದ ಬಳಿಕ ಮೂತ್ರಪಿಂಡದ ಕಾರ್ಯ ಉತ್ತಮವಾಗಿದ್ದರೂ ಕಮರಾಕ್ಷಿಯನ್ನು ವರ್ಜಿಸುವುದೇ ಸೂಕ್ತ.

13. ಲಭ್ಯವಿರುವ ಸೌಲಭ್ಯಗಳು

(1) ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ: 2016ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ಒದಗಿಸಲಾಗುತ್ತದೆ. ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಹಾಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳಿವೆ. ತಮ್ಮ ತಾಲ್ಲೂಕಿನ ಘಟಕದ ವಿವರವನ್ನು ಆಡಳಿತ ವೈದ್ಯಾಧಿಕಾರಿಗಳ ಕಚೇರಿಯಲ್ಲಿ ಪಡೆಯಬಹುದು.

(2) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತಿದೆ. ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಚಿಕಿತ್ಸಾ ದರದ ಒಂದು ಭಾಗವನ್ನು ಸರ್ಕಾರ ಭರಿಸುತ್ತದೆ. ನೋಂದಣಿಗಾಗಿ ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯ ನೋಂದಣಿ ಕೇಂದ್ರಕ್ಕೆ ಹೋಗಬೇಕು. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಯೋಜನೆಯಲ್ಲಿ ಗುರುತಿಸಲಾದ ತುರ್ತು ಚಿಕಿತ್ಸೆಗಳಿಗೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಲು ಅವಕಾಶವಿದೆ.

(3) ನೆಫ್ರೋ-ಯುರಾಲಜಿ ಸಂಸ್ಥೆ, ಬೆಂಗಳೂರು: ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಈ ಸರ್ಕಾರಿ ಸ್ವಾಯತ್ತ ಸಂಸ್ಥೆಯು ಮೂತ್ರಪಿಂಡ ಕಾಯಿಲೆಗಳಿಗೆ ವಿಶೇಷ ಚಿಕಿತ್ಸೆ ನೀಡುತ್ತದೆ.

(4) ಜೀವಸಾರ್ಥಕತೆ: ಮೃತ ದಾನಿಯಿಂದ ಮೂತ್ರಪಿಂಡ ಪಡೆಯಲು ಇಚ್ಛಿಸುವವರು ಕಸಿ ಮಾಡುವ ಮಾನ್ಯತೆ ಪಡೆದ ಆಸ್ಪತ್ರೆಯ ಮೂಲಕ ಇಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು.

ಡಯಾಲಿಸಿಸ್ ನೋಂದಣಿಗೆ ಬರುವಾಗ ಆಧಾರ್ ಕಾರ್ಡ್, ಪಡಿತರ ಚೀಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿಗಳು ಮತ್ತು ವೈದ್ಯರ ಶಿಫಾರಸು ಪತ್ರವನ್ನು ತರತಕ್ಕದ್ದು. ನೋಂದಣಿಯ ಸಂದರ್ಭದಲ್ಲಿಯೇ ಆಹಾರ ಕ್ರಮದ ಬಗ್ಗೆ ಸಲಹೆ ಕೇಳಿ ಪಡೆಯುವುದು ಉತ್ತಮ.

14. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ನನ್ನ ಕ್ರಿಯಾಟಿನಿನ್ ಸ್ವಲ್ಪ ಮಾತ್ರ ಹೆಚ್ಚಿದೆ, ಡಯಾಲಿಸಿಸ್ ಇಲ್ಲ. ಕಮರಾಕ್ಷಿ ತಿನ್ನಬಹುದೇ?
ಉ: ಬೇಡ. ಡಯಾಲಿಸಿಸ್ ಪಡೆಯದವರಲ್ಲಿಯೂ ವಿಷಬಾಧೆ ಉಂಟಾಗಿದೆ. ಹಣ್ಣಿನ ಆಕ್ಸಲೇಟ್‌ನಿಂದ ಕಾಯಿಲೆ ಹಠಾತ್ತಾಗಿ ಉಲ್ಬಣಿಸಬಹುದು.

ಪ್ರ: ಹಿಂದೆ ಹಲವು ಬಾರಿ ತಿಂದಿದ್ದೇನೆ, ಏನೂ ಆಗಿಲ್ಲವಲ್ಲ?
ಉ: ಹಣ್ಣಿನಿಂದ ಹಣ್ಣಿಗೆ ವಿಷದ ಪ್ರಮಾಣ ಬೇರೆಯಾಗಬಹುದು, ಮೂತ್ರಪಿಂಡದ ಸಾಮರ್ಥ್ಯವೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹಿಂದಿನ ಅನುಭವ ಮುಂದಿನ ಸುರಕ್ಷತೆಗೆ ಖಾತರಿಯಲ್ಲ.

ಪ್ರ: ನಾಳೆ ಡಯಾಲಿಸಿಸ್ ಇದೆ. ಇಂದು ತಿಂದರೆ ನಾಳೆ ಹೊರಹೋಗುವುದಲ್ಲವೇ?
ಉ: ಇಲ್ಲ. ಲಕ್ಷಣಗಳು ಗಂಟೆಗಳಲ್ಲಿ ಆರಂಭವಾಗುತ್ತವೆ. ನಾಳೆಯವರೆಗೆ ಮಿದುಳು ಕಾಯುವುದಿಲ್ಲ.

ಪ್ರ: ಮೂತ್ರಪಿಂಡದಲ್ಲಿ ಕಲ್ಲು ಇರುವವರು ಕಮರಾಕ್ಷಿ ರಸ ಕುಡಿಯಬಹುದೇ?
ಉ: ಕುಡಿಯಬಾರದು. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವೇ ಆಗಿದ್ದು, ಆಕ್ಸಲೇಟ್ ಅಧಿಕವಿರುವ ರಸ ಹಾನಿಕರ.

ಪ್ರ: ಅಂಗಳದಲ್ಲಿರುವ ಮರವನ್ನು ಕಡಿಯಬೇಕೇ?
ಉ: ಅಗತ್ಯವಿಲ್ಲ. ಆದರೆ ಮನೆಯಲ್ಲಿ ಮೂತ್ರಪಿಂಡ ರೋಗಿಗಳಿದ್ದರೆ ಅವರ ಅಡುಗೆಗೆ ಇದರ ಹುಳಿಯನ್ನು ಬಳಸಬಾರದು. ಹಣ್ಣನ್ನು ನೆರೆಹೊರೆಗೆ ಹಂಚುವಾಗಲೂ ಆ ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರಿದ್ದಾರೆಯೇ ಎಂದು ಒಂದು ಮಾತು ಕೇಳಬೇಕು.

15. ಸಾರ್ವಜನಿಕರಲ್ಲಿ ವಿನಂತಿ

ಡಯಾಲಿಸಿಸ್ ಕೇಂದ್ರಗಳ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯರು ಈ ಮಾಹಿತಿಯನ್ನು ಸ್ಥಳೀಯವಾಗಿ ಬಳಕೆಯಲ್ಲಿರುವ ಹಣ್ಣಿನ ಹೆಸರನ್ನೇ ಹೇಳಿ, ಸಾಧ್ಯವಾದರೆ ಹಣ್ಣನ್ನೇ ತೋರಿಸಿ, ರೋಗಿಗಳಿಗೂ ಅವರ ಮನೆಯಲ್ಲಿ ಅಡುಗೆ ಮಾಡುವವರಿಗೂ ತಿಳಿಸಬೇಕೆಂದು ಕೋರಲಾಗಿದೆ. ರೋಗಿಗಳು ತಮ್ಮ ಡಯಾಲಿಸಿಸ್ ಪುಸ್ತಕದ ಮೊದಲ ಪುಟದಲ್ಲಿ "ಕಮರಾಕ್ಷಿ, ಬಿಂಬುಳಿ ವರ್ಜ್ಯ" ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಬ್ಬ ರೋಗಿಯ ಸ್ಥಿತಿ ಭಿನ್ನವಾಗಿರುವುದರಿಂದ ಆಹಾರ ಮತ್ತು ಔಷಧಿಗಳ ಕುರಿತು ತಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯೇ ಅಂತಿಮ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸತಕ್ಕದ್ದು.